ಟ್ಯಾಗೋರ್ ಬೀಚೋ, ಕೋಡಿಬಾಗವೋ: ಇಯರ್‌ಫೋನ್ ಹಾಕಿಕೊಂಡು ನಡೆದ ಮೂರು ದಾರಿ

ಅಕ್ಕನ ಮಗ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಮ್ಯಾಪಿನ ಮೇಲೆ ನಾವೇ ವೃತ್ತ ಎಳೆದು, ಒಂದೊಂದಕ್ಕೂ ಒಂದು ಸಂಗೀತ ಇಡುವುದು. ನಡೆಯುತ್ತ ಆ ವೃತ್ತದೊಳಗೆ ಕಾಲಿಟ್ಟರೆ ಅದು ಶುರು, ದಾಟಿದರೆ ಬಂದ್. ಹೊಸದೇನಲ್ಲ. 2011ರಲ್ಲೇ ಬ್ಲೂಬ್ರೇನ್ ಎಂಬ ಅಣ್ಣತಮ್ಮಂದಿರ ಜೋಡಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ಗೆಂದೇ ಇಂಥದ್ದು ಮಾಡಿತ್ತು. 2020ರಲ್ಲಿ ಸಂಗೀತ ಸಂಯೋಜಕಿ ಎಲೆನ್ ರೀಡ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಮಾಡಿದರು. ಕಾರವಾರದಲ್ಲಿ ಅಷ್ಟು ದೊಡ್ಡ ಪಾರ್ಕಿಲ್ಲ, ಕಡಲಿದೆ, ಕಾಳಿ ನದಿ ಇದೆ. ಸಾಕಲ್ವಾ?

ನನ್ನ ಬಳಿ ಇದ್ದದ್ದು ಮೂರೇ: ಸುಗ್ಗಿಯಲ್ಲಿ ಅಂಕೋಲೆ ಕಡೆ ಫೋನಿನಲ್ಲೇ ರೆಕಾರ್ಡ್ ಮಾಡಿದ ಹಾಲಕ್ಕಿ ಒಕ್ಕಲಿಗರ ಗುಮಟೆ ಎಂಬ ಮಣ್ಣಿನ ವಾದ್ಯದ ಸದ್ದು, ಯಕ್ಷಗಾನದ ಆಟದಲ್ಲಿ ಹಿಡಿದ ಭಾಗವತರ ಒಂದು ಪದ್ಯ, ಕೊಳಲಿನಲ್ಲಿ ಮಾರ್ವಾ ರಾಗ.

ಮೊದಲು ಟ್ಯಾಗೋರ್ ಬೀಚಿನ ಮರಳಿನ ಅಂಚು. ಮೇಲೆ ಬಯಲು ಆಕಾಶ, ಜಿಪಿಎಸ್ ಒಂದು ಸಲವೂ ತಪ್ಪಲಿಲ್ಲ. ಆದರೆ ಅಲೆ ಮತ್ತು ಗಾಳಿಯ ಮುಂದೆ ಕೊಳಲು ಕೇಳಬೇಕಲ್ಲ! ಸೌಂಡ್ ಏರಿಸಿದರೆ ಕಿವಿ ನೋವು. ಒಂದು ಬೆಳಿಗ್ಗೆ ರಂಪಣಿ ಬಲೆ ಎಳೆಯುತ್ತಿದ್ದರು. ನೋಡುತ್ತ ನಿಂತೆ. ನಿಂತದ್ದು ವೃತ್ತದ ಒಳಗೆ. ಬಲೆ ದಡಕ್ಕೆ ಬರುವ ತನಕ ಅದೇ ನಲವತ್ತು ಸೆಕೆಂಡಿನ ತುಣುಕು ಸುತ್ತಿ ಸುತ್ತಿ ಬಂತು. ಅದೂ ಸೂರ್ಯ ಮುಳುಗುವ ಹೊತ್ತಿನ ಮಾರ್ವಾ, ಬೆಳಗಿನ ಏಳು ಗಂಟೆಗೆ! ಆ್ಯಪಿಗೆ ಜಾಗ ಗೊತ್ತು, ಹೊತ್ತು ಗೊತ್ತಿಲ್ಲ. ಬಂಗಡೆ ತಗೊಂಡು ಮನೆಗೆ ಬಂದೆ.

ಎರಡನೆಯದು ಅಲ್ಲೇ ಒಳಗೆ, ಯುದ್ಧನೌಕೆ ಮ್ಯೂಸಿಯಂ ಕಡೆಯಿಂದ ಗಾಳಿಮರಗಳ ನೆರಳಿನಲ್ಲಿ. ಇಲ್ಲಿ ಕೇಳಿಸುವುದೇನೋ ಚೆನ್ನ. ತೊಂದರೆ ಬೇರೆ. ಬಯಲಿನಲ್ಲಿ ಫೋನು ನಮ್ಮ ಜಾಗವನ್ನು ಸುಮಾರು ಐದು ಮೀಟರಿನೊಳಗೆ ಹಿಡಿಯುತ್ತದೆ, ಮರದಡಿ ಆ ಲೆಕ್ಕ ನಡೆಯುವುದಿಲ್ಲ. ನಾನು ಬೆಂಚಿನ ಮೇಲೆ ಸುಮ್ನೆ ಕೂತಿದ್ದರೂ ಮ್ಯಾಪಿನ ಚುಕ್ಕೆ ಅತ್ತಿತ್ತ ಅಲೆಯುತ್ತಿತ್ತು. ಗುಮಟೆ ಶುರು, ಬಂದ್, ಮತ್ತೆ ಶುರು. ಹತ್ತು ಮೀಟರಿನ ವೃತ್ತಗಳನ್ನೆಲ್ಲ ಮೂವತ್ತಕ್ಕೆ ಹಿಗ್ಗಿಸಿ, ನಡುವೆ ಖಾಲಿ ಜಾಗ ಬಿಟ್ಟ ಮೇಲೆ ಸರಿಹೋಯಿತು. ಸ್ಕ್ರೀನ್ ಆರಿದರೆ ಫೋನು ಆ್ಯಪನ್ನೇ ಮಲಗಿಸುತ್ತಿತ್ತು, ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆಯಬೇಕಾಯಿತು. ಚಾರ್ಜ್ ಮಾತ್ರ ಬೇಗ ಇಳಿಯುತ್ತದೆ.

ಕೋಡಿಬಾಗದ ನದಿ ದಂಡೆಗೆ ನಿರೀಕ್ಷೆ ಇಟ್ಟುಕೊಳ್ಳದೆ ಹೋದೆ. ಕಾಳಿ ಸಮುದ್ರ ಸೇರುವ ಜಾಗ, ನೀರು ಸದ್ದು ಮಾಡುವುದು ಕಡಿಮೆ. ಭಾಗವತರ ಪದ್ಯವನ್ನು ಇಲ್ಲಿಟ್ಟಿದ್ದೆ, ಚಂಡೆ ಬರುವ ಮೊದಲಿನ ಭಾಗ ಮಾತ್ರ. ಆಚೆ ದಡದಲ್ಲಿ ಸದಾಶಿವಗಡ, ಕಿವಿಯಲ್ಲಿ ಮದ್ದಳೆ. ನಡಿಗೆ ತನ್ನಷ್ಟಕ್ಕೆ ನಿಧಾನವಾಯಿತು. ಸೇತುವೆ ಕಾಣುವ ಕಡೆ ಮಾತ್ರ ಏನೂ ಇಟ್ಟಿಲ್ಲ. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಕುಸಿದು ಬಿದ್ದ ಜಾಗ ಅದು. ಅಲ್ಲಿ ಲಾರಿ ಸದ್ದು ಬಂದರೆ ಬರಲಿ ಅನಿಸಿತು.

ಹಾಡು ಕೇಳಲಿಕ್ಕೆ ನನಗೆ ಕೋಡಿಬಾಗವೇ. ಗಾಳಿಮರದ ದಾರಿ, ವೃತ್ತ ಸರಿ ಮಾಡುವಷ್ಟು ತಾಳ್ಮೆ ಇದ್ದವರಿಗೆ. ಬೀಚಿನ ಅಂಚಿನ ವೃತ್ತಗಳನ್ನು ಅಳಿಸಿಬಿಟ್ಟೆ. ಮಾರ್ವಾ ಈಗ ನದಿ ದಂಡೆಗೆ ಬಂದಿದೆ, ಸಂಜೆ ಆರರ ಮೇಲೆ ಮಾತ್ರ ಆ ಕಡೆ ಹೋಗುತ್ತೇನೆ.