ಬೆಕ್ಕಿನ ತಟ್ಟೆಗೆ ಪೌಚೇ ಸರಿ: ಒಣ, ತೇವ, ಹಸಿ ಮೂರನ್ನೂ ಬಡಿಸಿ ನೋಡಿದ ಮೇಲೆ

ರಿಯಾಯಿತಿ ದರದಲ್ಲಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ 7 ಕಿಲೋ ತೂಕದ ಒಣ ಆಹಾರದ ಚೀಲವೊಂದನ್ನು ತರಿಸಿದ್ದೆ. ಚೀಲ ಅರ್ಧ ಮುಗಿಯುವ ಹೊತ್ತಿಗೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ನಮ್ಮ ಗಂಡು ಬೆಕ್ಕು ಕರಿಯ, ಮಲಮೂತ್ರಕ್ಕೆಂದು ಇಟ್ಟಿರುವ ಮರಳಿನ ತಟ್ಟೆಗೆ ಹೋಗುವುದು, ಕೂರುವುದು, ಏನೂ ಆಗದೆ ಎದ್ದು ಬರುವುದು, ಮತ್ತೆ ಹೋಗುವುದು ಹೀಗೆ ಹತ್ತು ಹದಿನೈದು ಸಲ ಮಾಡಿದ. ಮಲಬದ್ಧತೆ ಇರಬೇಕೆಂದು ನಾನು ಸಂಜೆಯವರೆಗೆ ಸುಮ್ಮನಿದ್ದೆ. ಅದು ನನ್ನ ತಪ್ಪು. ಸಂಜೆ ವಾಂತಿ ಮಾಡಿಕೊಂಡಾಗ ನಮ್ಮೂರು ಸಾಗರದಿಂದ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಮಳೆಯಲ್ಲೇ ಕಾರಿನಲ್ಲಿ ಕರೆದೊಯ್ದೆವು. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿದವರೇ ಮೂತ್ರ ಕಟ್ಟಿದೆ ಎಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳು ಮತ್ತು ಲೋಳೆ ಸೇರಿ ಅದು ಮುಚ್ಚಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನಗಳಲ್ಲೇ ಹೃದಯ ನಿಲ್ಲುವ ಸ್ಥಿತಿ ಬರುತ್ತದೆ. ಮಂಪರು ಬರಿಸಿ, ಮೂತ್ರನಾಳಕ್ಕೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕಿ, ಮೂರು ದಿನ ಇಟ್ಟುಕೊಂಡು, ಜೀವ ಉಳಿಸಿ ಕಳುಹಿಸಿದರು. ಖರ್ಚು 9 ಸಾವಿರ ದಾಟಿತು. ಚೀಲದಲ್ಲಿ ಉಳಿಸಿದ್ದು 600 ರೂಪಾಯಿ.

ಆದುದರಿಂದ ಈ ಹೋಲಿಕೆ ತಕ್ಕಡಿಯನ್ನು ಸಮವಾಗಿ ಹಿಡಿದು ಬರೆದದ್ದಲ್ಲ. ಪೌಚಿನಲ್ಲಿ ಬರುವ ತೇವದ ಆಹಾರವೇ ನನಗೆ ಮೆಚ್ಚು. ಉಳಿದೆರಡನ್ನೂ ತಿಂಗಳುಗಟ್ಟಲೆಯೋ ವಾರಗಟ್ಟಲೆಯೋ ಬಡಿಸಿ ನೋಡಿದ್ದರಿಂದ ಅವುಗಳ ಬಗ್ಗೆಯೂ ಹೇಳುವುದಿದೆ. ಮನೆಯಲ್ಲಿರುವುದು ಎರಡು ಬೆಕ್ಕು: ಕರಿಯ ನಾಲ್ಕೂವರೆ ಕಿಲೋ ತೂಗುವ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಗಂಡು, ಚುಕ್ಕಿ ಮೂರು ಕಿಲೋಗಿಂತ ತುಸು ಹೆಚ್ಚು ತೂಗುವ ಹೆಣ್ಣು. ಮಳೆಗಾಲದಲ್ಲಿ ಇಬ್ಬರೂ ಅಂಗಳಕ್ಕೂ ಇಳಿಯುವುದಿಲ್ಲ.

ಒಣ ಆಹಾರವೇ ರೋಗ ತಂದಿತೆಂದು ನಾನು ಹೇಳುತ್ತಿಲ್ಲ. ವೈದ್ಯರೂ ಹಾಗೆ ಹೇಳಲಿಲ್ಲ. ಮೈ ಬಂದಿರುವುದು, ಓಡಾಟ ಕಡಿಮೆಯಾಗಿರುವುದು, ನೀರು ಕುಡಿಯದಿರುವುದು ಎಲ್ಲವೂ ಸೇರಿ ಹೀಗಾಗುತ್ತದೆ, ಅವುಗಳಲ್ಲಿ ನಾವು ಸುಲಭವಾಗಿ ಬದಲಿಸಬಹುದಾದದ್ದು ನೀರು ಎಂದರು. ಬೆಕ್ಕಿನ ಪೂರ್ವಜರು ಮರುಭೂಮಿಯ ಕಾಡುಬೆಕ್ಕುಗಳಾದ್ದರಿಂದ ಅದಕ್ಕೆ ಬಾಯಾರಿಕೆಯೆಂಬುದು ನಾಯಿಗೆ ಆದಷ್ಟು ಬೇಗ ಆಗುವುದಿಲ್ಲ. ಬೇಟೆಯ ಮೈಯೊಳಗಿನ ನೀರಿನಲ್ಲೇ ಅದು ಬಹುಪಾಲು ನಿಭಾಯಿಸುತ್ತದೆ. ಇಲಿಯ ದೇಹದ ಮೂರರಲ್ಲಿ ಎರಡು ಪಾಲು ನೀರೇ. ಅಜ್ಜಿಯ ಕಾಲದಲ್ಲಿ ನಮ್ಮ ಮನೆಯ ಬೆಕ್ಕುಗಳಿಗೆ ಹಾಲು ಅನ್ನವಲ್ಲದೆ ಬೇರೇನೂ ಹಾಕುತ್ತಿರಲಿಲ್ಲ, ಆದರೂ ಅವು ಗಟ್ಟಿಯಾಗಿದ್ದವು ಎಂದು ಅಮ್ಮ ಇಂದಿಗೂ ವಾದಿಸುತ್ತಾರೆ. ಆ ಬೆಕ್ಕುಗಳು ಹಾಲು ಅನ್ನ ತಿಂದದ್ದು ಅಜ್ಜಿಯ ಸಮಾಧಾನಕ್ಕೆ. ಹೊಟ್ಟೆ ತುಂಬಿಸಿಕೊಂಡದ್ದು ಅಟ್ಟದ ಇಲಿಗಳಿಂದ.

ಲೆಕ್ಕ ಹಾಕಿದಾಗ ನನಗೆ ನಿಜವಾಗಿ ಬೆಚ್ಚಿ ಬೀಳುವಂತಾಯಿತು. ಕರಿಯನಿಗೆ ದಿನಕ್ಕೆ ಸುಮಾರು 210 ಕಿಲೋಕ್ಯಾಲೊರಿ ಸಾಕು. ಅದನ್ನು ಒಣ ಕಾಳಿನಲ್ಲೇ ಕೊಟ್ಟರೆ 57 ಗ್ರಾಂ ಆಗುತ್ತದೆ. ಕಾಳಿನಲ್ಲಿ ತೇವ ನೂರಕ್ಕೆ 8ರಿಂದ 10ರಷ್ಟಿರುವುದರಿಂದ ಅವನ ಹೊಟ್ಟೆಗೆ ಹೋಗುವ ನೀರು 5 ಮಿಲಿಲೀಟರ್, ಅಂದರೆ ಒಂದು ಚಮಚ. ಅದೇ ದಿನದ ಊಟದ ಒಂದು ಪಾಲಾಗಿ 80 ಗ್ರಾಮಿನ ಎರಡು ಪೌಚ್ ತಿಂದರೆ, ಅದರಲ್ಲಿ ನೂರಕ್ಕೆ 80ರಷ್ಟು ನೀರೇ ಆದ್ದರಿಂದ, ಸುಮಾರು 130 ಮಿಲಿಲೀಟರ್ ಒಳಗೆ ಹೋಗುತ್ತದೆ. ಕಾಳು ತಿನ್ನುವ ಬೆಕ್ಕು ಬಟ್ಟಲಿನಿಂದ ಹೆಚ್ಚು ನೀರು ಕುಡಿಯುವುದು ನಿಜ, ಆದರೆ ಆ ಕೊರತೆಯನ್ನು ಪೂರ್ತಿ ತುಂಬಿಕೊಳ್ಳುವುದಿಲ್ಲ. ಪೌಚಿಗೆ ಬಂದ ಎರಡನೆಯ ವಾರದಿಂದಲೇ ಮೂತ್ರದಿಂದ ಮರಳಿನಲ್ಲಿ ಕಟ್ಟುವ ಗಡ್ಡೆಗಳು ಲಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರಕ್ಕೆ ಏರಿದವು. ಮರಳಿನ ಖರ್ಚು ಹೆಚ್ಚಾಯಿತೆಂದು ಗೊಣಗಿದ್ದೇನೆ, ಸುಳ್ಳು ಹೇಳುವುದಿಲ್ಲ.

ಇನ್ನು ಪೌಚಿನ ತೊಡಕಿಗೆ ಬರುತ್ತೇನೆ, ಏಕೆಂದರೆ ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಮೊದಲ ಬಾರಿಗೆ ನಾನು ತಂದದ್ದು ಗ್ರೇವಿಯಲ್ಲಿ ತುಂಡುಗಳಿರುವ ಬಗೆ. ಕರಿಯ ಅದನ್ನು ಕಂಡವನೇ ರಸವನ್ನೆಲ್ಲ ಒಂದು ಹನಿ ಬಿಡದೆ ನೆಕ್ಕಿ, ತುಂಡುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ತಳ್ಳಿ ಎದ್ದು ಹೋದ. ಪಂಕ್ತಿಯಲ್ಲಿ ಕೂತು ಸಾರನ್ನಷ್ಟೇ ಸುರಿದುಕೊಂಡು ಅನ್ನವನ್ನು ಬಿಟ್ಟು ಎದ್ದವರ ಎಲೆ ಹೇಗಿರುತ್ತದೆಯೋ ಹಾಗಿತ್ತು ಆ ತಟ್ಟೆ. ನೀರಿನ ದೃಷ್ಟಿಯಿಂದ ಅದು ಪೂರ್ಣ ನಷ್ಟವಲ್ಲ, ಆದರೆ ಹೊಟ್ಟೆ ತುಂಬಿಸುವುದು ತುಂಡುಗಳೇ ಆದ್ದರಿಂದ ನಡುರಾತ್ರಿ ಮೂರು ಗಂಟೆಗೆ ಹಸಿವಾಗಿ ನನ್ನ ಎದೆಯ ಮೇಲೆ ಬಂದು ಕೂರುತ್ತಿದ್ದ. ಮಿಕ್ಕ ತುಂಡುಗಳು ಅರ್ಧ ಗಂಟೆಯಲ್ಲಿ ಒಣಗಿ ಚರ್ಮದಂತಾಗುತ್ತಿದ್ದವು. ಅವನ್ನು ಚುಕ್ಕಿಯೂ ಮೂಸುತ್ತಿರಲಿಲ್ಲ.

ಫೋರ್ಕಿನಿಂದ ಜಜ್ಜಿ ಕೊಟ್ಟೆ. ಎರಡು ದಿನ ತಿಂದು ಮೂರನೆಯ ದಿನ ಬಿಟ್ಟ. ಜೆಲ್ಲಿಯಲ್ಲಿರುವ ಬಗೆ ತಂದೆ. ಜೆಲ್ಲಿಯನ್ನು ನೆಕ್ಕಿ ತುಂಡುಗಳನ್ನು ಹಾಗೆಯೇ ಬಿಟ್ಟ. ಉಗುರುಬೆಚ್ಚಗಿನ ನೀರು ಬೆರೆಸಿ ಕಲಸಿದೆ. ಅದು ಇನ್ನೂ ಒಳ್ಳೆಯ ರಸವೆಂದು ಭಾವಿಸಿ ರಸವನ್ನಷ್ಟೇ ಮುಗಿಸಿದ. ಒಂದೂವರೆ ತಿಂಗಳು ಹೀಗೆ ಹೆಣಗಿದ ಮೇಲೆ, ತುಂಡೇ ಇಲ್ಲದೆ ಎಲ್ಲವನ್ನೂ ನುಣ್ಣಗೆ ರುಬ್ಬಿ ಮುದ್ದೆಯಂತೆ ಮಾಡಿರುವ ಬಗೆಯೊಂದಿದೆಯೆಂದು ತಿಳಿಯಿತು. ರಸವೂ ತುಂಡೂ ಬೇರೆ ಬೇರೆಯಾಗಿ ಇಲ್ಲದ ಮೇಲೆ ಆರಿಸಿಕೊಳ್ಳುವುದಾದರೂ ಏನನ್ನು? ಅದಕ್ಕೆ ಎರಡು ಚಮಚ ಬಿಸಿನೀರು ಸೇರಿಸಿ ಗಂಜಿಯ ಹದಕ್ಕೆ ತಂದು ಬಡಿಸಿದ ದಿನದಿಂದ ತಟ್ಟೆ ತೊಳೆದಿಟ್ಟಂತೆ ಖಾಲಿಯಾಗುತ್ತಿದೆ. ಹೊಸದಾಗಿ ಪೌಚ್ ಕೊಳ್ಳುವವರು ಡಬ್ಬವನ್ನೇ ತರಿಸದೆ ಗ್ರೇವಿ, ಜೆಲ್ಲಿ, ಮುದ್ದೆ ಮೂರರಲ್ಲೂ ಒಂದೊಂದನ್ನು ತಂದು ನೋಡುವುದು ಒಳ್ಳೆಯದು. ನಾನು 12 ಪೌಚಿನ ಎರಡು ಡಬ್ಬ ತರಿಸಿ ಕೈ ಸುಟ್ಟುಕೊಂಡೆ.

ಚುಕ್ಕಿಯ ತಕರಾರು ಬೇರೆ. ಅವಳು ಒಂದು ಹೊತ್ತಿಗೆ ಅರ್ಧ ಪೌಚ್ ಮಾತ್ರ ತಿನ್ನುತ್ತಾಳೆ, ಉಳಿದರ್ಧ ಫ್ರಿಜ್ಜಿಗೆ ಹೋಗುತ್ತದೆ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಆಹಾರವನ್ನು ಅವಳು ಮುಟ್ಟುವುದಿಲ್ಲ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ವಾಸನೆಯಿಲ್ಲದ್ದನ್ನು ಬೆಕ್ಕು ಆಹಾರವೆಂದೇ ಲೆಕ್ಕಿಸುವುದಿಲ್ಲ. ಸ್ಟೀಲ್ ಬಟ್ಟಲಿಗೆ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟರೆ ಸಾಕು.

ಇರುವೆಯ ಕಾಟ ಕಾಳಿಗೂ ಇದೆ, ಪೌಚಿಗೂ ಇದೆ. ಸಕ್ಕರೆ ಡಬ್ಬಿಗೆ ಮಾಡುವಂತೆ, ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬೆಕ್ಕಿನ ಬಟ್ಟಲಿಡುತ್ತೇನೆ. ಇರುವೆಗೆ ಎಳೆಯುವ ಸೀಮೆಸುಣ್ಣವನ್ನು ಮಾತ್ರ ಬೆಕ್ಕಿರುವ ಮನೆಯಲ್ಲಿ ತಟ್ಟೆಯ ಸುತ್ತ ಎಳೆಯಬಾರದು. ಅದರಲ್ಲಿರುವ ಪೈರೆಥ್ರಾಯ್ಡ್ ವರ್ಗದ ವಿಷವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಒಡೆಯಲಾರದು.

ಒಣ ಆಹಾರಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸಬೇಕು. ಅದು ಅಗ್ಗ, ಬೆಳಿಗ್ಗೆ ಹಾಕಿಟ್ಟು ಕೆಲಸಕ್ಕೆ ಹೋದರೆ ಸಂಜೆಯವರೆಗೂ ಕೆಡುವುದಿಲ್ಲ, ಎರಡು ದಿನ ಮದುವೆಗೆಂದು ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಡಬ್ಬಿಯನ್ನೂ ಅಳತೆಯ ಲೋಟವನ್ನೂ ಕೊಟ್ಟು ಹೋಗಬಹುದು. ಹಲ್ಲು ಸ್ವಚ್ಛವಾಗುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ, ಸಾಮಾನ್ಯ ಕಾಳನ್ನು ನಮ್ಮ ಬೆಕ್ಕುಗಳು ಅಗಿಯದೆ ನುಂಗುವುದನ್ನು ದಿನವೂ ನೋಡುತ್ತಿದ್ದೇನೆ. ಆದರೆ ಮಲೆನಾಡಿನ ಮಳೆಗಾಲಕ್ಕೆ ದೊಡ್ಡ ಚೀಲ ಖಂಡಿತ ಹೊಂದುವುದಿಲ್ಲ. ಜೂನ್ ಕಳೆಯುವಷ್ಟರಲ್ಲಿ ಕಾಳು ಗರಿಗರಿತನ ಕಳೆದುಕೊಂಡು ಹಳೆಯ ಎಣ್ಣೆಯ ಕಮಟು ವಾಸನೆ ಬೀರತೊಡಗಿತ್ತು. ಕಾಳಿನ ಮೇಲೆ ಲೇಪಿಸಿರುವ ಕೊಬ್ಬು ಗಾಳಿ ತಾಗಿ ಹಳಸುವುದರಿಂದ ಹಾಗಾಗುತ್ತದೆ. ಅಂಗಡಿಗಳಲ್ಲಿ ಚೀಲ ಒಡೆದು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬಿಡಿ ಕಾಳಿನದ್ದೂ ಇದೇ ಕಥೆ, ಅದರ ಮೇಲೆ ತಯಾರಾದ ದಿನಾಂಕವೂ ಇರುವುದಿಲ್ಲ. ಈಗ ಒಂದು ಕಿಲೋ ಆಸುಪಾಸಿನ ಸಣ್ಣ ಚೀಲವನ್ನೇ ತಂದು, ಚೀಲದ ಸಮೇತ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚುತ್ತೇನೆ.

ಹಸಿ ಮಾಂಸದ ಪ್ರಯೋಗ ಮೂರು ವಾರ ನಡೆಯಿತು. ಇದಕ್ಕೆ ಪ್ರೇರಣೆ ತರ್ಕವೇ: ಬೇಟೆಯಲ್ಲಿ ನೀರಿದೆಯೆಂದಾದರೆ ಬೇಟೆಗೆ ಹತ್ತಿರವಾದದ್ದನ್ನೇ ಏಕೆ ಕೊಡಬಾರದು? ಬೆಕ್ಕುಗಳ ಮಟ್ಟಿಗೆ ಈ ಪ್ರಯೋಗ ಅಭೂತಪೂರ್ವ ಯಶಸ್ಸು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕೋಳಿಯ ಹೃದಯವನ್ನು ಕಂಡಾಗ ಚುಕ್ಕಿ ಹೊರಡಿಸಿದ ಧ್ವನಿಯನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸೋತದ್ದು ಮನೆ. ನಮ್ಮದು ಮಾಂಸ ಬೇಯಿಸದ ಅಡುಗೆಮನೆ. ಅಮ್ಮ ಜಗಳವಾಡಲಿಲ್ಲ, "ಬೆಕ್ಕಿನ ಧರ್ಮ ಬೆಕ್ಕಿಗೆ, ಫ್ರಿಜ್ಜು ಮಾತ್ರ ನನ್ನದು" ಎಂದಷ್ಟೇ ಹೇಳಿದರು. ಹಿತ್ತಿಲ ಕೊಟ್ಟಿಗೆಯಲ್ಲಿ ಮೂಲೆಗೆ ಸೇರಿದ್ದ ಹಳೆಯ ಫ್ರಿಜ್ಜಿಗೆ ಮತ್ತೆ ಕರೆಂಟು ಕೊಟ್ಟು, ಬೇರೆ ಹಲಗೆ, ಬೇರೆ ಚಾಕು ಇಟ್ಟುಕೊಂಡು, ಭಾನುವಾರ ಇಡೀ ವಾರಕ್ಕಾಗುವಷ್ಟನ್ನು ಪೊಟ್ಟಣ ಕಟ್ಟಿಡುತ್ತಿದ್ದೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಎಲ್ಲವೂ ಕರಗಿ ನೀರಾಯಿತು. ಹೊಂಡ ತೆಗೆದು ಹೂಳಬೇಕಾಯಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಮ್ಮೆಟ್ಟಿಸಿದ್ದು ಪೋಷಣೆಯ ಲೆಕ್ಕ. ಬರಿಯ ಮಾಂಸದಲ್ಲಿ ರಂಜಕ ಹೇರಳ, ಸುಣ್ಣದಂಶ ಅತ್ಯಲ್ಪ. ಬೆಕ್ಕಿಗೆ ಇವೆರಡೂ ಸರಿಸುಮಾರು ಸಮವಾಗಿ ಬೇಕು. ಮೂಳೆಯನ್ನೋ ಮೊಟ್ಟೆಯ ಸಿಪ್ಪೆಯ ಪುಡಿಯನ್ನೋ ತೂಗಿ ಬೆರೆಸದಿದ್ದರೆ ಮರಿಗಳ ಮೂಳೆಯೇ ಮುರಿಯುವಂತಾಗುತ್ತದೆ. ಯಕೃತ್ತು ಬೇಕು, ಅತಿಯಾದರೆ ಎ ಜೀವಸತ್ವ ವಿಷವಾಗುತ್ತದೆ. ಟಾರಿನ್ ಎಂಬ ಅಂಶ ಸಾಕಷ್ಟು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಊದಿಕೊಳ್ಳುತ್ತದೆ. ಈ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದಾಗ, ಆ ರೋಗದ ಬೆಕ್ಕುಗಳು ತಿನ್ನುತ್ತಿದ್ದದ್ದು ಮಾರುಕಟ್ಟೆಯ ಸಿದ್ಧ ಆಹಾರವನ್ನೇ; ಕಂಪನಿಗಳು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದ್ದು ಅದರ ನಂತರ. ಸಿದ್ಧ ಆಹಾರದವರೇ ಎಡವಿದ ಜಾಗದಲ್ಲಿ, ಭಾನುವಾರದ ಬೆಳಿಗ್ಗೆ ಅಡುಗೆಯ ತಕ್ಕಡಿ ಹಿಡಿದು ಕುಳಿತ ನಾನು ಎಡವುವುದಿಲ್ಲವೆಂಬ ಧೈರ್ಯ ನನಗೆ ಬರಲಿಲ್ಲ.

ಮೀನು ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ, ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬರುವ ಮೀನು ನಮ್ಮಲ್ಲಿ ಅಗ್ಗವಾಗಿಯೂ ಸಿಗುತ್ತದೆ. ಬೂತಾಯಿಯ ಬಳಗದ ಕೆಲವು ಮೀನುಗಳೂ ಸೇರಿದಂತೆ ಹಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದ್ದು, ದಿನವೂ ತಿಂದ ಬೆಕ್ಕಿಗೆ ನರಗಳ ತೊಂದರೆ ಬರುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ, ಆದರೆ ಆಗ ಅದು ಹಸಿ ಆಹಾರವಲ್ಲ. ಹಸಿ ಕೋಳಿಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಹಳೆಯದು, ಹಕ್ಕಿಜ್ವರದ್ದು ಹೊಸದು: 2024ರ ಡಿಸೆಂಬರಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಮನೆಯಿಂದ ಹೊರಗೇ ಹೋಗದ ಬೆಕ್ಕೊಂದು ಪೊಟ್ಟಣದ ಹಸಿ ಆಹಾರ ತಿಂದು ಎಚ್5ಎನ್1 ವೈರಾಣುವಿನಿಂದ ಸತ್ತಿತು. ಎಪ್ಪತ್ತು ದಾಟಿದ ಅಮ್ಮ ಇರುವ ಮನೆಯಲ್ಲಿ ಆ ಪ್ರಯೋಗ ಮುಂದುವರಿಸಲು ಮನಸ್ಸಾಗಲಿಲ್ಲ.

ಪೌಚಿನಲ್ಲೂ ಕಣ್ಣಿಟ್ಟು ಓದಬೇಕಾದ ಒಂದು ಸಾಲಿದೆ. ಎಲ್ಲ ಪೌಚೂ ಪೂರ್ಣ ಆಹಾರವಲ್ಲ. ಕೆಲವು ಪೂರಕ ಮಾತ್ರ; ನೆಕ್ಕಿಸುವ ಕೊಳವೆಗಳಲ್ಲಿ ಬರುವ ತಿನಿಸುಗಳೂ, ಬರಿಯ ಮೀನಿನ ತುಂಡು ಕಾಣುವ ಕೆಲವು ದುಬಾರಿ ಡಬ್ಬಿಗಳೂ ಈ ಗುಂಪಿಗೆ ಸೇರುತ್ತವೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಸಂಪೂರ್ಣ ಆಹಾರವೆಂದು ಬರೆದಿದ್ದರಷ್ಟೇ ಅದನ್ನು ದಿನದ ಊಟವಾಗಿ ಕೊಡಬಹುದು.

ಇಷ್ಟು ಹೊಗಳಿದ ಮೇಲೂ ನಾನು ಪೂರ್ತಿ ಪೌಚಿನ ಮೇಲೆ ನಿಂತಿಲ್ಲ, ಕಾರಣ ಹಣ. ನಾನು ಕೊಳ್ಳುವ ಪೌಚಿನಲ್ಲಿ 60 ಕಿಲೋಕ್ಯಾಲೊರಿಯಷ್ಟೇ ಇರುವುದರಿಂದ ಕರಿಯನೊಬ್ಬನಿಗೇ ದಿನಕ್ಕೆ ಮೂರೂವರೆ ಬೇಕು. ಡಬ್ಬದ ಲೆಕ್ಕದಲ್ಲಿ ಒಂದಕ್ಕೆ 38 ರೂಪಾಯಿ ಬಿದ್ದರೂ ತಿಂಗಳಿಗೆ ಅವನದೇ 4 ಸಾವಿರವಾಗುತ್ತದೆ. ಆದ್ದರಿಂದ ಅವನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಪೌಚ್, ರಾತ್ರಿ ಮಲಗುವ ಮುನ್ನ 25 ಗ್ರಾಂ ಕಾಳು. ಚುಕ್ಕಿಗೆ ಎರಡು ಹೊತ್ತಿಗೂ ಸೇರಿ ಒಂದು ಪೌಚ್, ರಾತ್ರಿ 30 ಗ್ರಾಂ ಕಾಳು. ಇಬ್ಬರದೂ ಸೇರಿ ತಿಂಗಳಿಗೆ 4 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಬರಿಯ ಕಾಳಾಗಿದ್ದರೆ 1,300 ರೂಪಾಯಿ ಸಾಕಿತ್ತು. ದಿನವಿಡೀ ಮನೆಯಲ್ಲಿ ಯಾರೂ ಇರದವರಿಗೆ, ಆರೇಳು ಬೆಕ್ಕು ಸಾಕಿದವರಿಗೆ ನನ್ನ ಏರ್ಪಾಡು ಹೊಂದಲಾರದು. ಅಂಥವರು ಗಂಡು ಬೆಕ್ಕಿಗಾದರೂ ದಿನಕ್ಕೊಂದು ಪೌಚ್ ಕೊಟ್ಟು, ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಎರಡು ಮೂರು ಕಡೆ ಇಟ್ಟರೆ ಅಷ್ಟರಮಟ್ಟಿಗೆ ಉಪಕಾರ.

ಕರಿಯನ ಮೂತ್ರ ಪರೀಕ್ಷೆಯನ್ನು ಆಮೇಲೆ ಎರಡು ಸಲ ಮಾಡಿಸಿದ್ದೇವೆ, ಹರಳು ಕಂಡಿಲ್ಲ. ಮುದ್ದೆಯ ಬಗೆಯ ಪೌಚ್ ಸಾಗರದಲ್ಲಿ ಸಿಗುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಶಿವಮೊಗ್ಗದಿಂದ ತರುತ್ತೇನೆ. ಈ ಮಳೆಗಾಲಕ್ಕೆಂದು ಎಂಟು ಡಬ್ಬ ಮೊದಲೇ ತಂದು ಅಟ್ಟದಲ್ಲಿ ಇರಿಸಿಯಾಗಿದೆ.