ಪದಬಂಧಕ್ಕೆ ಪೆನ್ನೋ, ಪೆನ್ಸಿಲ್ಲೋ, ಟ್ಯಾಬೋ, ಫೋನೋ?

ಕನ್ನಡ ದಿನಪತ್ರಿಕೆಯ ಪದಬಂಧ ಬಿಡಿಸಲು 0.7 ಮಿ.ಮೀ. ಪೆನ್ ಪೆನ್ಸಿಲ್, ಅದರೊಳಗೆ 2ಬಿ ಲೆಡ್. ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಾಲ್ ಪೆನ್ನು, ಜೆಲ್ ಪೆನ್ನು, ಮರದ ಪೆನ್ಸಿಲ್, ಟ್ಯಾಬ್ ಮತ್ತು ಸ್ಟೈಲಸ್, ಫೋನಿನ ಆ್ಯಪ್, ಇ-ಪೇಪರ್‌ನಿಂದ ತೆಗೆದ ಪ್ರಿಂಟ್ ಇಷ್ಟನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಮರದ ಪೆನ್ಸಿಲ್ ಮತ್ತು ಕೊನೆಯದನ್ನು ಬಿಟ್ಟರೆ ಉಳಿದ ಯಾವುದೂ ಪೆನ್ ಪೆನ್ಸಿಲ್ ಹತ್ತಿರಕ್ಕೂ ಬರುವುದಿಲ್ಲ.

ಇಂಗ್ಲಿಷ್ ಕ್ರಾಸ್‌ವರ್ಡ್ ಬಿಡಿಸುವವರ ಸಲಹೆ ನಮಗೆ ಅಷ್ಟಾಗಿ ಒದಗದು. ಅಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು. ಗೊತ್ತಾಯಿತೋ ಬರೆದರು, ಇಲ್ಲವೋ ಬಿಟ್ಟರು. ‘ದಿ ಹಿಂದೂ’ ಪತ್ರಿಕೆಯ 15×15ರ ಕ್ರಾಸ್‌ವರ್ಡನ್ನು ಫೋನಿನಲ್ಲೇ ಆರಾಮವಾಗಿ ಮುಗಿಸಬಹುದು. ನಮ್ಮಲ್ಲಿ ಒಂದು ಮನೆ ಅಂದರೆ ಒಂದು ಇಡೀ ಅಕ್ಷರ. 34 ವ್ಯಂಜನಗಳಲ್ಲಿ ಯಾವುದೋ ಒಂದು, ಅದರ ಗುಣಿತ, ಅದರ ಒತ್ತು, ಬೇಕಿದ್ದರೆ ಸೊನ್ನೆ, ಎಲ್ಲವೂ ಅದೇ ಚೌಕದೊಳಗೆ. ಬಿಡಿಸುವಾಗ ವ್ಯಂಜನ ಖಚಿತವಾಗಿ ಗುಣಿತ ಅನುಮಾನವಾಗಿ ಉಳಿಯುವುದು ದಿನವೂ ಆಗುತ್ತದೆ. ಆದ್ದರಿಂದ ಕನ್ನಡ ಪದಬಂಧಕ್ಕೆ ಬೇಕಾದದ್ದು ಅರ್ಧ ಅಕ್ಷರ ಬರೆದಿಟ್ಟು ಕಾಯಲು ಬಿಡುವ ಸಾಧನ. ನನ್ನ ಹೋಲಿಕೆಗೆ ಇದೊಂದೇ ಅಳತೆಗೋಲು.

‘ಜನಕನ ಮಗಳು (2)’ ಎಂಬ ಸುಳಿವು ತೆಗೆದುಕೊಳ್ಳಿ. ಉತ್ತರ ಸೀತೆಯೋ ಸೀತಾ ಎಂದೋ? ‘ಸೀ’ ತುಂಬಿಬಿಡಬಹುದು. ಎರಡನೇ ಮನೆಯಿಂದ ಕೆಳಕ್ಕೆ ‘ತಾವರೆ’ ಇಳಿದರೆ ಸೀತಾ, ‘ತೆನೆ’ ಇಳಿದರೆ ಸೀತೆ. ಅಲ್ಲಿಯವರೆಗೆ ಆ ಮನೆಯಲ್ಲಿ ಇರಬೇಕಾದದ್ದು ಬರೀ ತಕಾರ. ಗಂಗಾ-ಗಂಗೆ, ವಿದ್ಯಾ-ವಿದ್ಯೆ, ರಾಧಾ-ರಾಧೆ ಎಲ್ಲದರದ್ದೂ ಇದೇ ಕಥೆ. ‘ತೆಂಗು’ ಮಾತ್ರ ಸೀತೆಯನ್ನು ಹಾಯಲಾರದು, ಸೊನ್ನೆ ಸೇರಿದ ‘ತೆಂ’ ಬೇರೆಯೇ ಅಕ್ಷರ.

ಪೆನ್ಸಿಲ್ಲಿನಲ್ಲಿ ಇದಕ್ಕೊಂದು ಸರಳ ದಾರಿ ಇದೆ: ತಲಕಟ್ಟು ಹಾಕದೆ ಅಕ್ಷರವನ್ನು ಬೋಳಾಗಿ, ತೆಳುವಾಗಿ ಬರೆದಿಡುವುದು. ತಲಕಟ್ಟು ಇಲ್ಲದ ‘ತ’ ಅಂದರೆ ಗುಣಿತ ಇನ್ನೂ ತೀರ್ಮಾನವಾಗಿಲ್ಲ ಎಂದು ಅರ್ಥ. ಹಾಯುವ ಪದ ಸಿಕ್ಕ ಮೇಲೆ ಇಳಿಯೋ, ಗುಡಿಸೋ, ಏತ್ವವೋ ನೇರವಾಗಿ ತಲೆಯ ಮೇಲೆ ಕೂಡುತ್ತದೆ. ಅಳಿಸುವ ಕೆಲಸವೇ ಇಲ್ಲ. ಕ, ಗ, ತ, ದ, ನ, ಪ, ಮ, ರ, ವ, ಸ, ಹ ಇವಕ್ಕೆಲ್ಲ ಈ ಉಪಾಯ ನಡೆಯುತ್ತದೆ. ಜ, ಟ, ಣ, ಬ, ಲ ಇವಕ್ಕೆ ಮೊದಲಿನಿಂದಲೂ ತಲಕಟ್ಟಿಲ್ಲ. ಅವನ್ನು ಮನೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದಿಟ್ಟು, ಖಚಿತವಾದ ಮೇಲೆ ನಡುವೆ ದೊಡ್ಡದಾಗಿ ಬರೆಯಿರಿ.

ಪೆನ್ನುಗಳು

ಪತ್ರಿಕೆಯ ಕಾಗದದ ತೂಕ ಚದರ ಮೀಟರಿಗೆ ಸುಮಾರು 45 ಗ್ರಾಂ, ಅಂದರೆ 45 ಜಿಎಸ್‌ಎಂ, ಜೆರಾಕ್ಸ್ ಕಾಗದ 70ರಿಂದ 80. ಈ ತೆಳುಕಾಗದ ಶಾಯಿಯನ್ನು ಹೀರುತ್ತದೆ. ಜೆಲ್ ಪೆನ್ನಿನ ಗೆರೆ ಇಟ್ಟಲ್ಲಿ ನಿಲ್ಲದೆ ಹರಡುತ್ತದೆ. ದ-ಧ, ಡ-ಢ, ಪ-ಫ, ಬ-ಭ ಜೋಡಿಗಳಲ್ಲಿ ವ್ಯತ್ಯಾಸ ಇರುವುದೇ ಬುಡದ ಒಂದು ಸೀಳಿನಲ್ಲಿ. ಏಳು ಮಿಲಿಮೀಟರ್ ಅಗಲದ ಮನೆಯಲ್ಲಿ ಶಾಯಿ ಹರಡಿತೋ, ಸೀಳು ಮುಚ್ಚಿತು. ಬರೆದವರಿಗೇ ಆಮೇಲೆ ಧನವೋ ದನವೋ ತಿಳಿಯದು. ಬಾಲ್ ಪೆನ್ನು ಹರಡುವುದಿಲ್ಲ, ಆದರೆ ಒತ್ತಿ ಬರೆಯಬೇಕು, ಕಾಗದ ತೂತಾಗುತ್ತದೆ. ಅಳಿಸಲಂತೂ ಆಗದು. ಇಂಕ್ ಪೆನ್ನು ಈ ಕಾಗದಕ್ಕೆ ಅಲ್ಲವೇ ಅಲ್ಲ.

ಫೋನಿನ ಆ್ಯಪ್

ಇಲ್ಲಿರುವ ತೊಂದರೆ ಒಂದೇ, ಆದರೆ ಅದು ಬಲವಾದದ್ದು: ಆ್ಯಪ್‌ಗೆ ‘ಒಂದು ಅಕ್ಷರ’ ಎಂದರೆ ಏನೆಂದು ಗೊತ್ತಿಲ್ಲ.

‘ಸ್ತ್ರೀ’ ನಮಗೆ ಒಂದು ಅಕ್ಷರ, ಒಂದು ಮನೆ. ಫೋನು, ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಪದ್ಧತಿ ಯುನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ‘್’ ಗುರುತು), ತ, ವಿರಾಮ, ರ, ಕೊನೆಗೆ ದೀರ್ಘದ ಗುಡಿಸು. ‘ರಾಷ್ಟ್ರ’ ಎರಡೇ ಮನೆ, ಸಂಕೇತ ಏಳು. ಇಂಗ್ಲಿಷ್ ಕ್ರಾಸ್‌ವರ್ಡ್‌ಗಾಗಿ ಬರೆದ ತಂತ್ರಾಂಶಕ್ಕೆ ಕನ್ನಡ ತುಂಬಿದ ಆ್ಯಪ್‌ಗಳಲ್ಲಿ ‘ಸ’ ಒತ್ತಿದ ಕೂಡಲೇ ಕರ್ಸರ್ ಮುಂದಿನ ಮನೆಗೆ ಜಿಗಿಯುತ್ತದೆ. ವಿರಾಮ ಆ ಮನೆಗೆ ಹೋಗಿ ಬೀಳುತ್ತದೆ, ಒತ್ತು ಮೂರನೆಯ ಮನೆಗೆ. ಹಿಂದಕ್ಕೆ ಬಂದು ಸರಿಪಡಿಸಲು ಹೋದರೆ ಪಕ್ಕದ ಸರಿಯಾದ ಅಕ್ಷರವೂ ಅಳಿಸಿಹೋಗುತ್ತದೆ.

ಸ್ವಲ್ಪ ಮೇಲ್ಮಟ್ಟದ ಆ್ಯಪ್‌ಗಳು ಗುಣಿತವನ್ನು ಸರಿಯಾಗಿ ಹಿಡಿಯುತ್ತವೆ: ಕಿ, ಕು, ಕಂ ಎಲ್ಲ ಒಂದೇ ಮನೆಯಲ್ಲಿ ನಿಲ್ಲುತ್ತವೆ. ಒತ್ತು ಬಂದಾಗ ಮತ್ತೆ ಎಡವುತ್ತವೆ, ಏಕೆಂದರೆ ವಿರಾಮ ಮುಗಿದಲ್ಲಿ ಅಕ್ಷರ ಮುಗಿಯಿತೆಂದು ಭಾವಿಸಿ ಕತ್ತರಿಸುತ್ತವೆ. ‘ಕ್ಷ’ ಎರಡು ತುಂಡು, ‘ಷ್ಟ್ರ’ ಮೂರು ತುಂಡು. ಒತ್ತಕ್ಷರವಿಲ್ಲದ ಪದಬಂಧ ಕನ್ನಡದಲ್ಲಿ ಎಲ್ಲಿದೆ?

ಇದನ್ನೂ ದಾಟಿದ ಆ್ಯಪ್ ಸಿಕ್ಕರೆ ಮುಂದಿನ ಕಂಟಕ ಉತ್ತರ ಪರೀಕ್ಷೆಯದು. ನೀವು ಬರೆದದ್ದೂ ಆ್ಯಪ್‌ನಲ್ಲಿರುವ ಉತ್ತರವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಆದರೂ ಮನೆ ಕೆಂಪಾಗುತ್ತದೆ. ಕಾರಣಗಳು ಸಾಮಾನ್ಯವಾಗಿ ಮೂರು. ‘ಕೊ’ ಬರೆಯಲು ಎರಡು ದಾರಿ ಇದೆ: ಓತ್ವದ ಒಂದೇ ಸಂಕೇತ, ಇಲ್ಲವೇ ಏತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಎರಡು ಸಂಕೇತ. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದೆ ಹೋಲಿಸಿದರೆ ಸರಿಯುತ್ತರವೂ ತಪ್ಪಾಗುತ್ತದೆ. ಎರಡನೆಯದು ‘ರ‍್ಯಾಲಿ’ಯಂಥ ಪದ. ರಕಾರವನ್ನು ಪೂರ್ತಿ ಬರೆದು ಯಕಾರವನ್ನು ಒತ್ತಾಗಿಸಲು ನಡುವೆ ಕಣ್ಣಿಗೆ ಕಾಣದ ಜೋಡಿಸುವ ಸಂಕೇತ ಒಂದು ಬೇಕು. ಅದಿಲ್ಲದಿದ್ದರೆ ಅರ್ಕಾವೊತ್ತು ಬರುತ್ತದೆ. ಮೂರನೆಯದು ‘ಬಸ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದ. ಕೆಲವು ಕೀಲಿಮಣೆಗಳು ಕೊನೆಯ ವಿರಾಮದ ನಂತರ ಬೇರ್ಪಡಿಸುವ ಸಂಕೇತವನ್ನು ತಾವಾಗಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಇವುಗಳಲ್ಲಿ ಯಾವುದೂ ಬಿಡಿಸುವವರ ಕೈಯಲ್ಲಿಲ್ಲ.

ಕೀಲಿಮಣೆ ಬದಲಿಸಿದರೆ ಅಷ್ಟಿಷ್ಟು ಅನುಕೂಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆ ಪದಬಂಧಕ್ಕೆ ಬೇಡ. ಅದು ಪೂರ್ತಿ ಪದವನ್ನು ಊಹಿಸಲು ನೋಡುತ್ತದೆ, ನಮಗೆ ಬೇಕಿರುವುದು ಒಂದು ಮನೆ. ಸುಳಿವಿನಲ್ಲಿ ‘ಹೊರಳಿದೆ’ ಎಂದಿದ್ದು ‘ಕಮಲ’ವನ್ನು ‘ಲಮಕ’ ಎಂದು ತುಂಬಬೇಕಾದಾಗ ಆ ಊಹೆ ಕೈಗೆ ಅಡ್ಡ ಬರುತ್ತಲೇ ಇರುತ್ತದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಎಫ್ ಕೀಲಿಯಿಂದ ಒತ್ತು ಕೊಡುವುದರಿಂದ ಏನು ಒತ್ತಿದೆವೋ ಅದೇ ಬೀಳುತ್ತದೆ. ಆ್ಯಪ್ ಬೇಕೇ ಬೇಕು ಎನ್ನುವವರು ಇದನ್ನು ಹಾಕಿಕೊಳ್ಳಿ. ಜೊತೆಗೆ, ಮನೆಮನೆಯಾಗಿ ಅಲ್ಲದೆ ಇಡೀ ಪದವನ್ನು ಒಂದು ಪೆಟ್ಟಿಗೆಯಲ್ಲಿ ಬರೆಸಿಕೊಂಡು ತಾನೇ ಹಂಚುವ ಆ್ಯಪ್ ಹುಡುಕಿ. ದುಡ್ಡು ಕಟ್ಟುವ ಮೊದಲು ಉಚಿತ ಪದಬಂಧವೊಂದರಲ್ಲಿ ‘ಲಕ್ಷ್ಮಿ’ ಬರೆದು ನೋಡಿ. ಎರಡೇ ಮನೆಯಲ್ಲಿ ಕೂತರೆ ಮುಂದುವರಿಯಿರಿ, ಇಲ್ಲವಾದರೆ ಅಲ್ಲಿಗೇ ಬಿಡಿ.

ಅಷ್ಟೆಲ್ಲ ಆದರೂ ತಲಕಟ್ಟಿಲ್ಲದ ತಕಾರವನ್ನು ಆ್ಯಪ್‌ನಲ್ಲಿ ಬರೆಯಲಾಗದು. ‘ತ’ ಎಂದು ಹಾಕಿದರೆ ಅದು ಪೂರ್ತಿ ಅಕ್ಷರ, ‘ತ್’ ಎಂದರೂ ಅದು ಇನ್ನೊಂದು ಪೂರ್ತಿ ಅಕ್ಷರ.

ಟ್ಯಾಬ್ ಮತ್ತು ಸ್ಟೈಲಸ್

ಕೈಯಲ್ಲೇ ಬರೆಯುವುದರಿಂದ ಅರ್ಧ ಅಕ್ಷರಕ್ಕೆ ಅಡ್ಡಿಯಿಲ್ಲ. ಇ-ಪೇಪರ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಬರೆಯಬಹುದು. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಕೊಳ್ಳಬೇಡಿ. ಅದರ ತುದಿ ಪದಬಂಧದ ಮನೆಯಷ್ಟೇ ದಪ್ಪ, ಗೆರೆ ಎಲ್ಲಿ ಬೀಳುತ್ತದೆಂದು ಕಾಣುವುದಿಲ್ಲ. ಟ್ಯಾಬ್‌ಗೆಂದೇ ಮಾಡಿದ ಸಣ್ಣ ತುದಿಯ ಸ್ಟೈಲಸ್ ಚೆನ್ನಾಗಿ ಬರೆಯುತ್ತದೆ, ಬೆಲೆ ಸಾವಿರಗಳಲ್ಲಿ.

ಅಳಿಸುವ ಸಾಧನದಲ್ಲಿ ಎರಡು ಬಗೆ: ಮುಟ್ಟಿದಷ್ಟೇ ಅಳಿಸುವುದು, ಒಂದೇ ಎಳೆತದಲ್ಲಿ ಬರೆದದ್ದನ್ನೆಲ್ಲ ಅಳಿಸುವುದು. ಎರಡನೆಯದಿದ್ದರೆ ಕೊಂಬು ತೆಗೆಯಲು ಹೋದಾಗ ಇಡೀ ಅಕ್ಷರ ಮಾಯವಾಗುತ್ತದೆ. ಮೊದಲೇ ಬದಲಿಸಿಕೊಳ್ಳಿ. ಇನ್ನು ಹಿಗ್ಗಿಸಿದರೆ ಸುಳಿವು ಕಾಣುವುದಿಲ್ಲ, ಸುಳಿವು ಕಂಡರೆ ಮನೆ ಚಿಕ್ಕದು. ಚೌಕವನ್ನೂ ಸುಳಿವುಗಳನ್ನೂ ಬೇರೆ ಬೇರೆ ಚಿತ್ರವಾಗಿ ಕತ್ತರಿಸಿ, ಪರದೆಯನ್ನು ಎರಡು ಭಾಗ ಮಾಡಿ ಇಟ್ಟುಕೊಂಡರೆ ಪರವಾಗಿಲ್ಲ. ದಿನವೂ ಇಷ್ಟು ತಯಾರಿ ನನಗೆ ಹಿಡಿಸದು.

ಪ್ರಿಂಟ್

ಪೆನ್ಸಿಲ್ ಅದೇ, ಕಾಗದ ಮಾತ್ರ ಬೇರೆ. ಎ4 ಹಾಳೆಯಲ್ಲಿ 150 ಶೇಕಡಾಕ್ಕೆ ಹಿಗ್ಗಿಸಿದರೆ 7 ಮಿ.ಮೀ. ಮನೆ 10.5 ಆಗುತ್ತದೆ, ‘ಷ್ಟ್ರ’ದ ಎರಡು ಒತ್ತಿಗೂ ಜಾಗ ಸಿಗುತ್ತದೆ. ಕಣ್ಣು ಮಸುಕಾದ ಹಿರಿಯರಿಗೆ ಇದೇ ಸರಿ. ಕನ್ನಡ ಪತ್ರಿಕೆ ಬಾಗಿಲಿಗೆ ಬಾರದ ಊರುಗಳಲ್ಲಿ, ಹೊರದೇಶಗಳಲ್ಲಿ ಇರುವವರಿಗೂ ಇದನ್ನೇ ಹೇಳುತ್ತೇನೆ. ಮನೆಯ ಪ್ರಿಂಟರಿನಲ್ಲಾದರೆ ಡ್ರಾಫ್ಟ್ ಆಯ್ಕೆ ಹಾಕಿ, ಇಲ್ಲವಾದರೆ ಕಪ್ಪು ಮನೆಗಳೇ ಶಾಯಿ ಕುಡಿಯುತ್ತವೆ. ಅಚ್ಚಾದ ಪತ್ರಿಕೆಯನ್ನೇ ಜೆರಾಕ್ಸ್ ಮಾಡಿಸುವುದಾದರೆ ಹಿಂದೆ ಒಂದು ಕಪ್ಪು ಹಾಳೆ ಇಡಲು ಹೇಳಿ. ಆಗ ಹಿಂಬದಿಯ ಸುದ್ದಿ ಈಚೆಗೆ ಕಾಣುವುದಿಲ್ಲ.

ಪೆನ್ಸಿಲ್ ಬಳಸುವ ಬಗೆ

0.5 ಲೆಡ್ ತೆಳುಕಾಗದಕ್ಕೆ ಸೂಜಿಯಂತೆ ಚುಚ್ಚುತ್ತದೆ, ಬೇಗ ಮುರಿಯುತ್ತದೆ. 0.9ರಲ್ಲಿ ಒತ್ತುಗಳು ಮೆತ್ತಿಕೊಳ್ಳುತ್ತವೆ. ಎಚ್‌ಬಿ ಲೆಡ್ ಬೂದು ಬಣ್ಣದ ಕಾಗದದ ಮೇಲೆ ಮಂಕು, ಕಾಣಲೆಂದು ಒತ್ತಿದರೆ ಕಾಗದ ಹರಿಯುತ್ತದೆ. 2ಬಿ ಮೃದು, ಒತ್ತದೆ ಕಪ್ಪಾಗಿ ಮೂಡುತ್ತದೆ. ಮರದ 2ಬಿ ಪೆನ್ಸಿಲ್ ಕೂಡ ಒಳ್ಳೆಯದೇ, ಆದರೆ ಅರ್ಧ ಪದಬಂಧ ಮುಗಿಯುವಷ್ಟರಲ್ಲಿ ಮೊಂಡಾಗುತ್ತದೆ.

ಪತ್ರಿಕೆಯನ್ನು ಮಡಿಸಿ ಅದರ ಮೇಲೇ ಬರೆದರೆ ಅಡಿಭಾಗ ಮೆತ್ತಗಾಗಿ ಗೆರೆ ಒಳಕ್ಕೆ ಹೋಗುತ್ತದೆ. ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ ಪ್ಯಾಡಿಗೆ ಆ ಒಂದು ಹಾಳೆಯನ್ನಷ್ಟೇ ಸಿಕ್ಕಿಸಿ. ರಬ್ಬರ್ ಬಿಳಿಯದು, ಮೆತ್ತನೆಯದು ಇರಲಿ. ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಕಪ್ಪು ಮನೆಗಳ ಅಚ್ಚಿನ ಶಾಯಿ ಬಿಳಿ ಮನೆಗೆ ಬಳಿದುಕೊಳ್ಳುತ್ತದೆ.

ಮನೆಯ ಎಡ ಮೇಲ್ಮೂಲೆಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಅಕ್ಷರವನ್ನು ಅದರ ಬಲಕ್ಕೆ, ಮೇಲಂಚಿಗೆ ಹತ್ತಿರ ಆರಂಭಿಸಿ, ಒತ್ತಿಗೆ ಕೆಳಗಿನ ಮೂರನೇ ಒಂದು ಭಾಗ ಉಳಿಸಿ. ಅರ್ಕಾವೊತ್ತು ಬಲಕ್ಕೆ ಬರುವುದರಿಂದ ‘ರ್ನಾ’, ‘ರ್ಯ’ ಇವನ್ನು ಎಡಕ್ಕೆ ಒತ್ತಿಸಿ ಬರೆಯಬೇಕು. ಕನ್ನಡ ಪದ ಅರ್ಕಾವೊತ್ತಿನಿಂದ ಶುರುವಾಗುವುದಿಲ್ಲ. ಕೆಳಮುಖದ ಪದ ಶುರುವಾಗುವ ಮನೆಗೆ ಅಡ್ಡಪದದಿಂದ ಅರ್ಕಾವೊತ್ತು ಬಂದರೆ ನಿಮ್ಮ ಅಡ್ಡಪದವೇ ತಪ್ಪು. ‘ಕರ್ನಾಟಕ’ದ ‘ರ್ನಾ’ವನ್ನು ಹಾಯಬೇಕಾದರೆ ‘ದುರ್ನಾತ’ದಂತೆ ನಡುವಿನಲ್ಲೇ ಹಾಯಬೇಕು.

ಇನ್ನೊಂದು ಅಭ್ಯಾಸ ಹೇಳುತ್ತೇನೆ. ಬಿಡಿಸಿದ ಹಾಳೆಯನ್ನು ಮರುದಿನದ ಉತ್ತರದೊಂದಿಗೆ ಹೋಲಿಸಿ, ಎಲ್ಲಿ ಗುಣಿತ ಬದಲಾಯಿತೋ ಅಲ್ಲಿ ಸುತ್ತು ಹಾಕಿ. ಅ.ನಾ. ಪ್ರಹ್ಲಾದರಾವ್ ಅವರಂತೆ ದಶಕಗಳಿಂದ ಪದಬಂಧ ರಚಿಸುತ್ತ ಬಂದವರಿದ್ದಾರೆ. ಒಬ್ಬರೇ ರಚನಕಾರರದ್ದನ್ನು ಬಿಡದೆ ಬಿಡಿಸಿದರೆ ಅವರ ಒಲವು ಸೀತೆಯ ಕಡೆಗೋ ಸೀತಾ ಕಡೆಗೋ ಕ್ರಮೇಣ ತಿಳಿಯುತ್ತದೆ. ತಕ್ಷಣ ಕೆಂಪಾಗಿ ತೋರಿಸುವ ಆ್ಯಪ್ ಈ ಕಲಿಕೆಯನ್ನು ಕಿತ್ತುಕೊಳ್ಳುತ್ತದೆ. ಅಲ್ಲಿ ತಾ, ತೆ, ತಿ ಒಂದೊಂದಾಗಿ ಒತ್ತಿ ನೋಡಿದರೆ ಸಾಕು, ಯೋಚಿಸಬೇಕಾಗಿಲ್ಲ.

ಬೆಳಿಗ್ಗೆ ಪತ್ರಿಕೆ ಬರುವ ಮನೆಯಲ್ಲಿ, ಕಾಫಿ ಹೊತ್ತಿಗೆ ಇಬ್ಬರು ಸೇರಿ ಬಿಡಿಸುವ ರೂಢಿ ನನ್ನದು. ಹಾಳೆಯನ್ನು ಈ ಕೈಯಿಂದ ಆ ಕೈಗೆ ಕೊಡಬಹುದು, ಚಾರ್ಜ್ ಬೇಕಿಲ್ಲ, ಲಾಗಿನ್ ಬೇಕಿಲ್ಲ. ಬಸ್ಸಿನಲ್ಲಿ ನಿಂತು ಬಿಡಿಸುವವರ ಲೆಕ್ಕ ಬೇರೆಯಿರಬಹುದು. ಅವರು ಫೋನ್ ಹಿಡಿದರೆ ನಾನು ತಕರಾರು ಮಾಡುವುದಿಲ್ಲ. ಖರ್ಚಿನ ವಿಷಯಕ್ಕೆ ಬಂದರೆ ಪೆನ್ ಪೆನ್ಸಿಲ್, ಒಂದು ಡಬ್ಬಿ ಲೆಡ್, ರಬ್ಬರ್ ಮೂರೂ ಸೇರಿ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ 0.7 ಮತ್ತು 2ಬಿ ಎರಡೂ ಇದೆಯೇ ನೋಡಿ. ಬರೀ ‘ಲೆಡ್ ಕೊಡಿ’ ಎಂದರೆ ಸ್ಟೇಷನರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 0.5ರ ಎಚ್‌ಬಿ, ಅದು 0.7ರ ಪೆನ್ಸಿಲ್ಲಿನಲ್ಲಿ ಹಿಡಿತ ಸಿಗದೆ ಜಾರಿ ಬೀಳುತ್ತದೆ.