ಕೆಂಪಿಗಿಂತ ಹಸಿರು ಮೇಲು: ಮಲೆನಾಡಿನ ಬೆಳಕಿನಲ್ಲಿ ಫಿಲ್ಟರ್‌ಗಳ ಹೋಲಿಕೆ

ಕಪ್ಪು ಬಿಳುಪು ಫಿಲ್ಮ್ ಹಿಡಿದವರಿಗೆ ಮೊದಲು ಆಸೆ ಹುಟ್ಟಿಸುವುದು ಕೆಂಪು ಫಿಲ್ಟರ್. ಫಿಲ್ಟರ್ ಎಂದರೆ ಲೆನ್ಸಿನ ಮುಂದೆ ಕೂರಿಸುವ ಬಣ್ಣದ ಗಾಜು; ಚಿತ್ರದಲ್ಲಿ ತನ್ನ ಬಣ್ಣವನ್ನು ತಿಳಿಯಾಗಿಸಿ, ಎದುರು ಬಣ್ಣವನ್ನು ಕಪ್ಪಾಗಿಸುತ್ತದೆ. ಕಡುಗಪ್ಪು ಆಕಾಶ, ಅದರ ಮೇಲೆ ಬೆಳ್ಳಗೆ ಉಬ್ಬಿದ ಮೋಡ. ನೋಡಲು ಚೆನ್ನ, ಆದರೆ ಅದು ಬಯಲುಸೀಮೆಯ ಬಿಸಿಲಿನ ಚಿತ್ರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆಕಾಶ ಕಾಣುವುದೇ ಮರಗಳ ಸಂದಿಯಲ್ಲಿ. ಮಳೆಗಾಲವಿಡೀ ಅದು ಬೂದು ಬಣ್ಣಕ್ಕೇ ಅಂಟಿಕೊಂಡಿರುತ್ತದೆ. ನೀಲಿಯೇ ಇಲ್ಲದ ಆಕಾಶವನ್ನು ಯಾವ ಫಿಲ್ಟರೂ ಕಪ್ಪಾಗಿಸದು. ನಮ್ಮಲ್ಲಿ ಫಿಲ್ಟರ್‌ಗೆ ಇರುವ ಕೆಲಸ ಬೇರೆ: ಹಸಿರಿನಿಂದ ಹಸಿರನ್ನು, ಹಸಿರಿನಿಂದ ಕೆಂಪನ್ನು ಬಿಡಿಸಿ ತೋರಿಸುವುದು.

ಈ ಕೆಲಸಕ್ಕೆ ಯಾವುದು ಸರಿ ಎಂದು ನೋಡಲು ನಾಲ್ಕು ಬಣ್ಣಗಳನ್ನು ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ಒಂದೇ ಫಿಲ್ಮ್‌ನಲ್ಲಿ ಬಳಸಿದ್ದೇನೆ. ನಿಕಾನ್ ಎಫ್‌ಎಂ2, 50 ಮಿ.ಮೀ. ಲೆನ್ಸ್, ಇಲ್ಫೋರ್ಡ್ ಎಚ್‌ಪಿ5 ಪ್ಲಸ್. ಫಿಲ್ಟರ್‌ಗಳು ಹಳದಿ, ಹಳದಿ-ಹಸಿರು, ಕಿತ್ತಳೆ ಮತ್ತು ಕೆಂಪು. ಕೊಳ್ಳುವಾಗ ರ‍್ಯಾಟನ್ ಸಂಖ್ಯೆ ನೋಡುವುದು ಒಳ್ಳೆಯದು. ಫಿಲ್ಟರಿನ ಬಣ್ಣವನ್ನು ಖಚಿತವಾಗಿ ಗುರುತಿಸುವ ಸಂಖ್ಯೆ ಅದು; ಇವಕ್ಕೆ ಕ್ರಮವಾಗಿ 8, 11, 21, 25. ಅಂಗಡಿಯವರು ‘ಹಳದಿ’ ಎಂದು ಕೊಡುವುದರಲ್ಲಿ ಹತ್ತು ಬಗೆ ಇರುತ್ತವೆ.

ಹೆಚ್ಚು ಹೇಳಿಕೊಟ್ಟದ್ದು ಸಾಗರದ ಕಡೆಯ ಒಂದು ತೋಟ. ಚಾಲಿಗೆಂದು (ಒಣಗಿಸಿದ ಹಣ್ಣಡಿಕೆ) ಹಣ್ಣಾಗಲು ಬಿಟ್ಟ ಅಡಿಕೆ ಕೊನೆ (ಗೊನೆ), ಅದರ ಹಿಂದೆ ಹೆಡೆಬಿಚ್ಚಿದ ಸೋಗೆ, ಪಕ್ಕದ ಮರಕ್ಕೆ ಹಬ್ಬಿದ ಎಲೆಬಳ್ಳಿ. ಕಣ್ಣಿಗೆ ಹಣ್ಣಡಿಕೆಯ ಕಿತ್ತಳೆ ಬಣ್ಣ ಹೊಡೆದು ಕಾಣುತ್ತದೆ. ಫಿಲ್ಟರ್ ಇಲ್ಲದೆ ತೆಗೆದ ನೆಗೆಟಿವ್‌ನಲ್ಲಿ ಹಣ್ಣೂ ಎಲೆಯೂ ಒಂದೇ ಬೂದು; ಕೊನೆ ಎಲ್ಲಿದೆ ಎಂದು ಹುಡುಕಬೇಕು. ಹಳದಿ ಹಾಕಿದರೆ ಅಷ್ಟಿಷ್ಟು ಬೇರೆಯಾಗುತ್ತದೆ, ಹಾಕಿದ್ದೇವೆಂದು ಗೊತ್ತಿದ್ದವರಿಗೆ ಮಾತ್ರ ತಿಳಿಯುವಷ್ಟು. ಕಿತ್ತಳೆಯಲ್ಲಿ ಹಣ್ಣು ಬೆಳಗುತ್ತದೆ, ಎಲೆ ಒಂದು ಮೆಟ್ಟಿಲು ಹಿಂದೆ ಸರಿಯುತ್ತದೆ. ಕೆಂಪಿನಲ್ಲಿ ಹಣ್ಣು ಸುಣ್ಣ ಬಳಿದ ಹಾಗೆ ಬಿಳುಪು, ಎಲೆಗಳೆಲ್ಲ ಒಂದೇ ಕಪ್ಪಿನ ಮುದ್ದೆ.

ಹಳದಿ-ಹಸಿರು ಹಾಕಿದಾಗ ಲೆಕ್ಕ ತಿರುಗಿಬಿತ್ತು. ಹಣ್ಣು ಗಾಢವಾಯಿತು, ದುಂಡಗೆ ತೂಕವಿರುವಂತೆ ಕಂಡಿತು. ಎಲೆಗಳು ತಿಳಿಯಾದವು, ಅದಕ್ಕಿಂತ ಮುಖ್ಯವಾಗಿ ಒಂದೊಂದೂ ಬೇರೆಬೇರೆಯಾದವು: ಚಿಗುರಿದ ಎಲೆಬಳ್ಳಿ ಒಂದು ಛಾಯೆ, ಬಲಿತ ಸೋಗೆ ಇನ್ನೊಂದು, ಹಿಂದಿನ ಕಾಳುಮೆಣಸಿನ ಬಳ್ಳಿ ಮತ್ತೊಂದು. ತೋಟ, ಕಾಡು, ಸೊಪ್ಪಿನ ಬೆಟ್ಟ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಗಾಜಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ತೋಟದವರ ಮುಖ ತೆಗೆಯುವಾಗ ಮಾತ್ರ ಬಿಚ್ಚಿಡುತ್ತೇನೆ. ಕಂದು ಮೈಬಣ್ಣ, ತುಟಿ ಎಲ್ಲ ಹಸಿರಿನಡಿ ಕಪ್ಪಿಗೆ ವಾಲುತ್ತವೆ. ಅಲ್ಲಿ ಹಳದಿಯೇ ಸಭ್ಯ.

ಬೆಳಕಿನ ಲೆಕ್ಕವೂ ಹಸಿರಿನ ಪರವಾಗಿಯೇ ಇದೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಹಳದಿ ನುಂಗುವುದು ಒಂದು ಸ್ಟಾಪ್, ಹಳದಿ-ಹಸಿರು ಮತ್ತು ಕಿತ್ತಳೆ ಎರಡು, ಕೆಂಪು ಮೂರು. ತೋಟದ ನೆರಳಿನಲ್ಲಿ ಲೆನ್ಸಿನ ದ್ವಾರ ಎಫ್/4 ಇಟ್ಟರೆ ಶಟರ್‌ಗೆ 1/60 ಸೆಕೆಂಡು ಸಿಕ್ಕಿತೆನ್ನಿ. ಹಸಿರಿಗೆ 1/15, ಕೆಂಪಿಗೆ 1/8. ಅಷ್ಟರಲ್ಲಿ ಗಾಳಿಗೆ ಸೋಗೆ ಒಮ್ಮೆ ತೂಗಿ ಬಂದಿರುತ್ತದೆ. ಜೊತೆಗೆ ಮರದ ನೆರಳಿನ ಬೆಳಕು ನೀಲಿಗೆ ವಾಲಿದ್ದು. ಕೆಂಪು ಗಾಜು ಅದರಲ್ಲಿ ಇನ್ನಷ್ಟನ್ನು ತಡೆಯುವುದರಿಂದ ಪುಸ್ತಕದ ಮೂರು ಸ್ಟಾಪ್ ಸಾಲದು, ಅರ್ಧವನ್ನಾದರೂ ಸೇರಿಸಬೇಕು. ಕ್ಯಾಮೆರಾದ ಮೀಟರ್ ನೋಡಿಕೊಳ್ಳುತ್ತದೆ ಎಂಬ ಭರವಸೆಯೂ ಬೇಡ, ಅದರಲ್ಲೂ ಪೆಂಟಾಕ್ಸ್ ಕೆ1000ದಂತಹ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಮೀಟರಿನ ಕ್ಯಾಮೆರಾಗಳಲ್ಲಿ. ಮೀಟರಿನ ಕಣ್ಣಿಗೂ ಫಿಲ್ಮಿನ ಕಣ್ಣಿಗೂ ಕೆಂಪು ಒಂದೇ ಅಲ್ಲ. ಗಾಢ ಬಣ್ಣದ ಫಿಲ್ಟರ್ ಹಾಕುವ ಮೊದಲೇ ಬೆಳಕು ಅಳೆದು, ಆಮೇಲೆ ಸ್ಟಾಪ್ ಸೇರಿಸುವುದು ಕ್ಷೇಮ.

ಕಿತ್ತಳೆಯನ್ನು ಚೀಲದಿಂದ ತೆಗೆದುಹಾಕಿಲ್ಲ. ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆಗಳಿಗೆ ಅದೇ ಬೇಕು. ಕಲ್ಲು ಬೆಳಗಿ ಪಾಚಿ ಕಪ್ಪಾಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬೂದುಗಲ್ಲಿನ ಮುಂದೆ ಮಾತ್ರ ನಾಲ್ಕೂ ಒಂದೇ: ಬಣ್ಣವಿಲ್ಲದ ಕಲ್ಲಿಗೆ ಬಣ್ಣದ ಗಾಜು ಏನೂ ಮಾಡದು.

ಕಿತ್ತಳೆ, ಕೆಂಪು ಎರಡೂ ‘ಮಂಜನ್ನು ಸೀಳುತ್ತವೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ಸತ್ಯ. ಫೆಬ್ರುವರಿ, ಮಾರ್ಚ್‌ನಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ನಿಂತರೆ ಕಾಣುವ ನೀಲಿ ಮಸುಕನ್ನು ಕಿತ್ತಳೆ ಚೆನ್ನಾಗಿ ಕಡಿಮೆ ಮಾಡುತ್ತದೆ. ಅತಿಸಣ್ಣ ಕಣಗಳು ಹೆಚ್ಚಾಗಿ ನೀಲಿ ಬೆಳಕನ್ನೇ ಚದುರಿಸುವುದರಿಂದ, ನೀಲಿಯನ್ನು ತಡೆದರೆ ದೂರದ ಬೆಟ್ಟಸಾಲು ಎದ್ದು ಬರುತ್ತದೆ. ಜುಲೈ ತಿಂಗಳ ಆಗುಂಬೆಯ ಮಂಜು ಬೇರೆ ಜಾತಿ. ಅದು ನೀರಿನ ಹನಿ, ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತದೆ. ಅಲ್ಲಿ ಕೆಂಪು ಹಾಕಿದರೂ ಬಿಳಿ ಬಿಳಿಯೇ. ಕೈಯಿಂದ ಹೋಗುವುದು ಮೂರು ಸ್ಟಾಪ್.

ಇನ್ನು ತಯಾರಕರ ವಿಷಯ. ಬಳಸಿ ನೋಡಿದ್ದು ಮೂರು ದರ್ಜೆ: ಹೆಸರೇ ಇಲ್ಲದ, ಲೇಪನವಿಲ್ಲದ ಹಳೆಯ ಹಳದಿ, ಬಹುಪದರ ಲೇಪನವಿರುವ ಜಪಾನಿನ ಹೋಯಾ ಎಚ್‌ಎಂಸಿ ಮತ್ತು ಜರ್ಮನಿಯ ಬಿ+ಡಬ್ಲ್ಯೂ ಎಂಆರ್‌ಸಿ. ಬೆಳಕು ಬೆನ್ನಿಗಿದ್ದರೆ ಮೂರರ ನೆಗೆಟಿವ್‌ಗಳನ್ನೂ ಭೂತಗನ್ನಡಿಯಲ್ಲಿಟ್ಟು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಬೆಳಕಿಗೆ ಎದುರಾದಾಗ ಬಣ್ಣ ಬಯಲು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಳ್ಳೆಯ ಬಹುಪದರ ಲೇಪನವಿದ್ದರೆ ಶೇ 1ಕ್ಕೂ ಕಡಿಮೆ. ನಮ್ಮ ತೋಟಗಳಲ್ಲಿ ಇದು ದೊಡ್ಡ ಮಾತು, ಏಕೆಂದರೆ ಕತ್ತಲ ಚಪ್ಪರದ ನಡುವೆ ಅಲ್ಲಲ್ಲಿ ಬೆಳಕಿನ ತೂತುಗಳಿರುತ್ತವೆ. ಹೆಸರಿಲ್ಲದ ಹಳದಿಯಲ್ಲಿ ಎಡಮೇಲಿನ ಬೆಳಕಿನ ತೂತು ಚಿತ್ರದ ಬಲಕೆಳಗೆ ತಲೆಕೆಳಗಾಗಿ ಮಸುಕಾಗಿ ಮೂಡಿತ್ತು, ಅದೂ ಮರದ ಬುಡದ ಒಳ್ಳೆಯ ಕಪ್ಪಿನ ಮೇಲೆ. ಹೋಯಾ, ಬಿ+ಡಬ್ಲ್ಯೂ ಎರಡರಲ್ಲೂ ಆ ಜಾಗ ಸ್ವಚ್ಛ. ಈ ಎರಡರ ನಡುವೆ ಚಿತ್ರದಲ್ಲಿ ಭೇದ ಹುಡುಕುವುದು ವ್ಯರ್ಥ.

ಭೇದ ಇರುವುದು ಗಾಜನ್ನು ಹಿಡಿದಿಡುವ ಬಳೆಯಲ್ಲಿ ಮತ್ತು ಹೊರಮೈಯಲ್ಲಿ. ಎಂಆರ್‌ಸಿಯ ಹೊರಪದರದ ಮೇಲೆ ಮಳೆಹನಿ ನಿಲ್ಲದೆ ಜಾರುತ್ತದೆ, ಬಟ್ಟೆಯಲ್ಲಿ ಒಮ್ಮೆ ಒತ್ತಿದರೆ ಮುಗಿಯಿತು. ಬಿ+ಡಬ್ಲ್ಯೂ ಹಿತ್ತಾಳೆ ಬಳೆಗೆ ಹೆಸರುವಾಸಿ. ಅಲ್ಯೂಮಿನಿಯಂ ಬಳೆ ಯಾರದ್ದೇ ಆಗಲಿ, ಲೆನ್ಸಿನ ಅಲ್ಯೂಮಿನಿಯಂ ತಿರುಪಿಗೆ ಕಚ್ಚಿಕೊಳ್ಳುವ ಸ್ವಭಾವದ್ದು. ಹಿತ್ತಾಳೆ ಸಲೀಸಾಗಿ ಬಿಡುತ್ತದೆ. ಕಚ್ಚಿಕೊಂಡದ್ದನ್ನು ಬಿಡಿಸಲು ಇಕ್ಕಳ ಹುಡುಕಬೇಡಿ. ತೊಳೆದು ಒಣಗಿಸಿದ ಹವಾಯಿ ಚಪ್ಪಲಿಯ ಮೇಲೆ ಫಿಲ್ಟರ್ ಮುಖವನ್ನು ಸಮನಾಗಿ ಒತ್ತಿ ಲೆನ್ಸ್ ತಿರುಗಿಸಿದರೆ ಬರುತ್ತದೆ. ಬೆರಳಿನಿಂದ ಹಿಂಡಿದಷ್ಟೂ ಬಳೆ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ.

ಹಳೆಯ ಸಾಮಾನು ಕೊಳ್ಳುವವರು ಟ್ಯೂಬ್‌ಲೈಟ್ ಕೆಳಗೆ ಕಪ್ಪು ಬಟ್ಟೆಯ ಮೇಲೆ ಫಿಲ್ಟರ್ ಇಟ್ಟು ನೋಡಿ. ಪ್ರತಿಬಿಂಬ ಬೆಳ್ಳಗೆ ಹೊಳೆದರೆ ಲೇಪನವಿಲ್ಲ. ಮಂಕಾಗಿ ಹಸಿರು ಅಥವಾ ನೇರಳೆ ಕಂಡರೆ ಇದೆ. ಆಮೇಲೆ ತೋಳು ಚಾಚಿ ಹಿಡಿದು, ಅದರ ಮೂಲಕ ದೂರದ ವಿದ್ಯುತ್ ಕಂಬ ನೋಡುತ್ತ ನಿಧಾನವಾಗಿ ತಿರುಗಿಸಿ. ಕಂಬ ಕುಣಿದರೆ ಗಾಜಿನ ಎರಡು ಮೈ ಸಮಾನಾಂತರವಾಗಿಲ್ಲ, ಬಿಟ್ಟುಬಿಡಿ.

ರಕ್ಷಣೆಗೆಂದು ಸದಾ ಹಾಕಿಡುವ ಯುವಿ ಫಿಲ್ಟರ್ ನನಗೆ ರುಚಿಸುವುದಿಲ್ಲ. ಮಳೆಗಾಲದಲ್ಲಿ ಅದರ ಮತ್ತು ಲೆನ್ಸಿನ ನಡುವೆ ತೇವ ಸಿಕ್ಕಿಕೊಂಡರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಬಣ್ಣದ ನೆಗೆಟಿವ್‌ಗೆ ಚಿತ್ರವನ್ನು ತುಸು ಹಳದಿಗೆ ವಾಲಿಸುವ 81ಎ ಮುಂತಾದ ಫಿಲ್ಟರ್‌ಗಳೂ ಅಗತ್ಯವಿಲ್ಲ, ಸ್ಕ್ಯಾನ್ ಮಾಡುವಾಗ ಸರಿಪಡಿಸಬಹುದು; ಸ್ಲೈಡ್ ತೆಗೆಯುವವರಿಗೆ ಮಾತ್ರ ಅದು ಕಾಡಿನ ನೆರಳಿನ ನೀಲಿಯನ್ನು ತಗ್ಗಿಸಿಕೊಡುತ್ತದೆ.

ಬಣ್ಣದ ಫಿಲ್ಮ್‌ಗೆ ಕೊಳ್ಳಲೇಬೇಕಾದದ್ದು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ (ಧ್ರುವೀಕೃತ) ಬೆಳಕನ್ನು ತಡೆಯಬಲ್ಲ ಫಿಲ್ಟರ್. ಮಳೆ ನಿಂತ ಮೇಲೆ ಒದ್ದೆ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ; ಬಳೆ ತಿರುಗಿಸುತ್ತಿದ್ದಂತೆ ಅದು ಅಳಿದು ಒಳಗಿನ ಹಸಿರು ಹೊರಗೆ ಬರುತ್ತದೆ. ಜೋಗದ ತುಂತುರಿನಲ್ಲಿ ಮಾತ್ರ ಎಚ್ಚರ: ಕಾಮನಬಿಲ್ಲಿನ ಬೆಳಕೇ ಧ್ರುವೀಕೃತವಾದದ್ದು, ತಪ್ಪು ಕೋನಕ್ಕೆ ತಿರುಗಿಸಿದರೆ ಕಾಮನಬಿಲ್ಲೇ ಮಾಯ. ಲೀನಿಯರ್ ಮತ್ತು ಸರ್ಕ್ಯುಲರ್ ಎಂಬ ಎರಡು ಬಗೆಯಲ್ಲಿ ಎಫ್‌ಎಂ2, ಕೆ1000ಗಳಿಗೆ ಲೀನಿಯರ್ ಸಾಕು. ಕ್ಯಾಮೆರಾದೊಳಗಿನ ಕನ್ನಡಿಯ ಮೂಲಕವೇ ಬೆಳಕು ಹಾಯಿಸಿ ಅಳೆಯುವ ನಿಕಾನ್ ಎಫ್3, ಆಟೋಫೋಕಸ್ ಕ್ಯಾಮೆರಾಗಳಿಗೆ ಸರ್ಕ್ಯುಲರ್ ಬೇಕು. ಹಳೆಯದಾದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರ ಬಿಟ್ಟಿದ್ದರೆ ಅಲ್ಲಿ ಗುಳ್ಳೆ ಎದ್ದಿರುತ್ತದೆ. ಅಳತೆ 52 ಮಿ.ಮೀ. ತೆಗೆದುಕೊಂಡರೆ, 49 ಮಿ.ಮೀ.ನ ಪೆಂಟಾಕ್ಸ್ ಲೆನ್ಸಿಗೂ ಒಂದು ಅಗ್ಗದ ಸ್ಟೆಪ್-ಅಪ್ ಬಳೆಯಲ್ಲಿ ಕೂರುತ್ತದೆ.